ಬಣ್ಣ ಹಚ್ಚದ ಮರ

೧೯೫೪ ಅಕ್ಟೋಬರ್ ೪, ಸೋಮವಾರ. ಬೆಳಿಗ್ಗೆ ೬.೪೦

ಅಂಟಿನ ಕೋಣೆ ಹದಿಮೂರು ಡಿಗ್ರಿ. ಒಲೆ ಹೊತ್ತಿಸಿದ್ದಾಯಿತು. ಹದಿನೆಂಟಕ್ಕೆ ಏರುವವರೆಗೆ ಕೆಲಸವಿಲ್ಲ. ಹೊಸ ನೋಟ್‌ಬುಕ್ ತೆಗೆದೆ. ಹಳೆಯದರಲ್ಲಿ ಇನ್ನೂ ಖಾಲಿ ಹಾಳೆಗಳಿದ್ದವು, ಆದರೆ ಅದರಲ್ಲಿ ಜೂನ್ ತಿಂಗಳಿದೆ.

ಅಂಟಿಗೆ ಕೇಸಿನ್ ಪುಡಿ ಜರಡಿ ಹಿಡಿದೆ. ನೀರಿಗೆ ಹಾಕಿ, ಒಂದೇ ದಿಕ್ಕಿಗೆ ತಿರುವಿ, ಇಪ್ಪತ್ತು ನಿಮಿಷ ಬಿಡಬೇಕು. ಹಾಲಿನಿಂದ ಆದದ್ದು ತಾನೆ — ಹುಳಿ ವಾಸನೆ. ಎಂಟು ವರ್ಷದಿಂದ ನನ್ನ ಕೂದಲಲ್ಲೂ ಅದೇ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನದು ಕೈಯೇ ಮೊಸರು, ಬಾಯಿಗೆ ಒಣ ಕರಿರೊಟ್ಟಿ.

ಇವತ್ತಿನಿಂದ ಎರಡನೆಯದು ಶುರು. ಎಂಜಿನ್ ಇಲ್ಲದೆ ಗಾಳಿಯಲ್ಲೇ ತೇಲುವ ಅದೇ ಎರಡು ಸೀಟಿನ ಗ್ಲೈಡರ್, ಅದೇ ನಕ್ಷೆ. ರೆಕ್ಕೆಯ ತೊಲೆ ಮಾತ್ರ ದಪ್ಪ. ಮೊದಲನೆಯದರ ತೊಲೆ ತೆಳುವಾಗಿತ್ತು, ಇಂಜಿನಿಯರರ ಲೆಕ್ಕ ತಪ್ಪಿತ್ತು ಅಂತ ವಾರ್ಸಾದಿಂದ ಬಂದ ಸಮಿತಿ ಬರೆದುಕೊಟ್ಟು ಹೋಗಿದೆ. ಜೂನ್ ೧೯ರಂದು ಗುಡ್ಡದ ಮೇಲೆ ಎಡರೆಕ್ಕೆ ತಿರುಚಿಕೊಂಡು ಮುರಿಯಿತು. ಮುಂದಿನ ಸೀಟಿನಲ್ಲಿ ಪೈಲಟ್ ಕ್ಲೆಮೆನ್ಸ್ ಇದ್ದ. ಹಿಂದಿನ ಸೀಟಿನಲ್ಲಿ ಎಂಬತ್ತು ಕಿಲೋ ಮರಳಿನ ಚೀಲ — ಮೊದಲ ಹಾರಾಟಗಳಲ್ಲಿ ಮನುಷ್ಯರ ಬದಲು ಅದನ್ನೇ ಕೂರಿಸುವುದು. ಬೆಲ್ಟು ಕಟ್ಟಿ, ತಮಾಷೆಗೆ ಒಂದು ಟೋಪಿಯನ್ನೂ ಹಾಕಿದ್ದೆವು.

ಚೀಲ ಹರಿದಿರಲಿಲ್ಲ. ಟೋಪಿ ಸಿಗಲಿಲ್ಲ.

ಹದಿನೆಂಟು ಡಿಗ್ರಿ. ಏಳಬೇಕು.


ಅಕ್ಟೋಬರ್ ೧೨, ಮಂಗಳವಾರ

ಬಾಲದ ಪಕ್ಕೆಲುಬುಗಳು ಮೂವತ್ತೊಂದು ಆದವು. ಸಾಕ್ಷಿಗಳು ಎಲ್ಲಾ ಪಾಸು. ಪ್ರತಿ ಬೋಗುಣಿ ಅಂಟಿಗೂ ಎರಡು ಮರದ ಚೂರು ಅಂಟಿಸಿ ನಂಬರ್ ಹಾಕಿ ಇಡುತ್ತೇವೆ, ಅದಕ್ಕೆ ಸಾಕ್ಷಿ ಅಂತ ಹೆಸರು. ಮಾರನೇ ದಿನ ಬಡಗಿಗಳ ಮೇಸ್ತ್ರಿ ಅಲೊಯ್ಸಿ ಅದನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿ ಮುರಿಯುತ್ತಾನೆ. ಮರ ಸೀಳಿದರೆ ಅಂಟು ಗಟ್ಟಿ. ಅಂಟು ಬಿಟ್ಟುಕೊಂಡರೆ ಆ ಕೆಲಸವೆಲ್ಲ ಒಲೆಗೆ.

ಮಧ್ಯಾಹ್ನ ಇಂಜಿನಿಯರ್ ರೊಗಲಾ ಬಂದರು. ಬೇಸಿಗೆಯಿಂದ ಅವರ ಕೋಟು ಅವರಿಗೆ ದೊಡ್ಡದಾಗಿದೆ. ಒಲೆ ಹತ್ತಿರ ಕೈ ಚಾಚಿ ನಿಂತರು.

"ಐದನೇ ಸಲ ಮಾಡ್ದೆ ತೆಕ್ಲಾ ಅವ್ರೇ. ಮೊದಲಿಂದ. ತಪ್ಪೇ ಸಿಗ್ತಿಲ್ಲ."

"ಸಿಗದಿದ್ರೆ ಒಳ್ಳೇದೇ ಅಲ್ವಾ?" ಅಂದೆ. ಎಂಥಾ ಮಾತು.

"ಸಿಕ್ಕಿದ್ರೆ ನಿದ್ದೆ ಬರ್ತಿತ್ತು. ಎಲ್ಲಿ ಕೊಂದೆ ಅಂತಾದ್ರೂ ಗೊತ್ತಾಗ್ತಿತ್ತು."

ಅಲೊಯ್ಸಿ ಮೇಸ್ತ್ರಿ ಬಾಗಿಲಿನಿಂದಲೇ, "ಲೆಕ್ಕ ಬಿಡಿ ಸಾರ್, ಊಟ ಮಾಡಿ. ನಿಮ್ಮ ತೊಲೆಗಿಂತ ನೀವೇ ತೆಳ್ಳಗಾಗಿದೀರಿ" ಅಂದ. ಅವರು ತುಟಿ ಬಿಚ್ಚದೆ ನಕ್ಕರು. ನಾನು ಬೋಗುಣಿ ತೊಳೆಯಲು ತಿರುಗಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ.


ನವೆಂಬರ್ ೧. ಸಂತರ ದಿನ

ಸ್ಮಶಾನದಲ್ಲಿ ಇಡೀ ಊರೇ ಇತ್ತು. ಅಮ್ಮನ ಗೋರಿ ಗುಡಿಸಿ ಎರಡು ದೀಪ ಇಟ್ಟೆ. ಮೂರನೆಯದನ್ನು ಬುಟ್ಟಿಯಲ್ಲೇ ಹಿಡಿದುಕೊಂಡು ಕ್ಲೆಮೆನ್ಸನ ಸಾಲಿನ ತುದಿಯಲ್ಲಿ ನಿಂತೆ. ಅವನ ಹೆಂಡತಿ ಯಾದ್ವಿಗಾ ಅಲ್ಲಿದ್ದಳು. ನಮ್ಮಲ್ಲೇ ಪಕ್ಕದ ಕೋಣೆಯಲ್ಲಿ ರೆಕ್ಕೆಗೆ ಬಟ್ಟೆ ಹೊಲಿಯುವವಳು. ಇಪ್ಪತ್ತು ವರ್ಷದ ಗೆಳತಿ.

"ಯಾಕೆ ದೂರ ನಿಂತಿದೀಯ? ಕಚ್ತಾನಾ ಅವ್ನು?"

ಹತ್ತಿರ ಹೋಗಿ ದೀಪ ಇಟ್ಟೆ. ಗಾಳಿಗೆ ನನ್ನದೇ ಆರಿತು. ಅವಳು ತನ್ನ ದೀಪದಿಂದ ಹಚ್ಚಿಕೊಟ್ಟಳು.

"ನಿನ್ನ ಕೋಣೆ ಅಂದ್ರೆ ಅವನಿಗೆ ಪ್ರಾಣ" ಅಂದಳು. "ಬಡಿಯೋಕೆ ಅಂತ ಬರ್ತಿದ್ನಲ್ಲ."

ಬರುತ್ತಿದ್ದ. ಕೆಟ್ಟದ್ದು ತಟ್ಟದಿರಲಿ ಅಂತ ಮರ ಬಡಿಯುವುದು ನಮ್ಮಲ್ಲಿ ಪಾದ್ರಿಯೂ ಮಾಡುತ್ತಾನೆ. ಆದರೆ ಬಣ್ಣ ಹಚ್ಚದ ಮರವೇ ಆಗಬೇಕು, ಬಣ್ಣ ಹಚ್ಚಿದ್ದಕ್ಕೆ ಕಿವಿ ಕೇಳುವುದಿಲ್ಲ. ಕ್ಲೆಮೆನ್ಸ್ ಪ್ರತಿ ಹಾರಾಟಕ್ಕೂ ಮುಂಚೆ ನನ್ನಲ್ಲಿಗೆ ಬಂದು, ಮುಚ್ಚದ ರೆಕ್ಕೆಯ ಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು ಹೋಗುತ್ತಿದ್ದ. "ಅಂಟಿನ ರಾಣಿಗೆ ನಮಸ್ಕಾರ" ಅನ್ನುತ್ತಿದ್ದ.

ಜೂನ್ ೧೯ರಂದು ಎರಡು ಸಲ ಬಡಿದಿದ್ದ. ಹೊರಗಿನಿಂದ ಯಾರೋ ಕರೆದರು. "ಬಂದೆ" ಅಂತ ಓಡಿದ.


ನವೆಂಬರ್ ೩. ಸಂಜೆ ೪.೩೦

ಎಲ್ಲರೂ ಹೋದರು. ಒಲೆ ಆರಿಸಿ ಬೀಗದ ಕೈ ಹುಡುಕುತ್ತಿದ್ದೆ. ಎಡರೆಕ್ಕೆಯ ಹಂದರ ಮೇಜಿನ ಮೇಲಿತ್ತು. ಅದರೊಳಗಿಂದ — ಟಕ್. ಟಕ್.

ಮರ ತಣ್ಣಗಾದರೆ ಸದ್ದು ಮಾಡುತ್ತದೆ. ಎಂಟು ವರ್ಷದಿಂದ ಕೇಳಿದ್ದೇನೆ, ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೂ ಕೋಟು ಹಾಕಿಕೊಂಡು ನಿಂತೇ ಇದ್ದೆ. ಮೂರನೆಯದು ಬರಲಿ ಅಂತ.


ನವೆಂಬರ್ ೧೯, ಶುಕ್ರವಾರ

ಇವತ್ತು ಬರೆದೇಬಿಡಬೇಕು. ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ, ಪೆನ್ಸಿಲಿಗೂ ಹಾಕಿದರೆ ಹುಚ್ಚು ಹಿಡಿಯುತ್ತದೆ.

ಸಾಕ್ಷಿ ಚೂರುಗಳನ್ನು ಒಣಗಲು ಇಡುವ ಹಲಗೆ ಸೀಳಿತ್ತು. ಅಲೊಯ್ಸಿ ಮೇಸ್ತ್ರಿ ಬೇರೆ ತಂದುಕೊಟ್ಟ. ಅವನು ಯಾವ ಚೂರನ್ನೂ ಎಸೆಯುವವನಲ್ಲ. "ಹಿಂದಿನ ಶೆಡ್ಡಿನಲ್ಲಿ ಬಿದ್ದಿತ್ತು, ಒಳ್ಳೇ ಬರ್ಚ್ ಪ್ಲೈವುಡ್" ಅಂದ. ಮೊಳದುದ್ದ, ಸ್ವಲ್ಪ ಬಾಗಿದ್ದು. ಒರೆಸೋಣ ಅಂತ ತಿರುಗಿಸಿದೆ.

ಒಳಬದಿಯಲ್ಲಿ ಪೆನ್ಸಿಲ್ ಬರಹ. ರೆಕ್ಕೆ ಮುಚ್ಚುವ ಮುಂಚೆ ಮುಚ್ಚಿದವರು ಒಳಗೆ ಹೆಸರು ಬರೆಯುವುದು ನಮ್ಮ ಪದ್ಧತಿ — ಯಾರೂ ಯಾವತ್ತೂ ನೋಡಬಾರದ ಹೆಸರು. "ತೆಕ್ಲಾ, ೧೨-೩-೫೪."

ಅಂಟಿನ ಗೆರೆ ನುಣ್ಣಗಿತ್ತು. ನೆಕ್ಕಿದ ತಟ್ಟೆಯ ಹಾಗೆ. ಒಂದೇ ಒಂದು ಮರದ ನಾರು ಅಂಟಿಕೊಂಡಿರಲಿಲ್ಲ. ಅದು ಮುರಿದಿರಲಿಲ್ಲ. ಬಿಟ್ಟುಕೊಂಡಿತ್ತು.

ಸಮಿತಿಯವರು ತೊಲೆ ನೋಡಿದರು, ಇದನ್ನು ನೋಡಲಿಲ್ಲ. ನನಗೆ ನೋಡುವುದು ಬೇಕಿರಲಿಲ್ಲ, ಮೊದಲೇ ಗೊತ್ತಿತ್ತು.

ಮಾರ್ಚ್ ೧೨. ಎಡರೆಕ್ಕೆಯ ಮೂಗಿಗೆ, ಅಂದರೆ ಮುಂದಿನ ಅಂಚಿಗೆ, ಪ್ಲೈವುಡ್ ಹೊದಿಸುವ ದಿನ. ರೆಕ್ಕೆ ತಿರುಚದಂತೆ ಹಿಡಿದುಕೊಳ್ಳುವುದು ಆ ಹೊದಿಕೆಯೇ. ಏಳು ಗಂಟೆಗೆ ಅಂಟು ಕಲಸಿದೆ. ಅದರ ಆಯಸ್ಸು ನಾಲ್ಕು ಗಂಟೆ, ಆಮೇಲೆ ಚೆಲ್ಲಬೇಕು. ಸಾಕ್ಷಿಯನ್ನು ಮೊದಲ ಕುಂಚದಲ್ಲೇ ಅಂಟಿಸಿಟ್ಟೆ. ನಿಯಮದ ಪುಸ್ತಕದಲ್ಲಿ ಕೊನೆಯ ಕುಂಚ ಅಂತಿದೆ. ಇಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಕೊನೆಗೆ ಕೈತುಂಬ ಕೆಲಸ, ಮೊದಲು ಕೈ ಖಾಲಿ — ಅದಕ್ಕೇ.

ಒಂಬತ್ತೂವರೆಗೆ ಕ್ಲೆಮೆನ್ಸ್ ಬಂದ. ಬಡಿದ. ಹೋಗಲಿಲ್ಲ, ಸ್ಟೂಲಿನ ಮೇಲೆ ಕೂತು ಜೋಕು ಹೇಳಿದ. ನಾನು ಕುಂಚ ಕೆಳಗಿಟ್ಟು ನಕ್ಕೆ. ಒಂದಾದ ಮೇಲೆ ಇನ್ನೊಂದು. ನನ್ನ ಗಂಡ ಯುದ್ಧದಲ್ಲಿ ಹೋದ ಮೇಲೆ ಯಾರ ಮುಂದೆಯೂ ನಾನು ಹಾಗೆ ನಕ್ಕಿರಲಿಲ್ಲ. ಅವನು ಎದ್ದು ಹೋದಾಗ ಹನ್ನೊಂದೂಕಾಲು. ಅಂಟು ಗಡುಸಾಗಿತ್ತು. ಒಂದು ಮೊಳ ಉಳಿದಿತ್ತು. ಚೆಲ್ಲಿದರೆ ಯಾಕೆ ಚೆಲ್ಲಿದೆ ಅಂತ ಬರೆದುಕೊಡಬೇಕು. ಏನಂತ ಬರೆಯಲಿ? ಗೆಳತಿಯ ಗಂಡನ ಜೊತೆ ನಗುತ್ತ ಕೂತಿದ್ದೆ ಅಂತಲಾ?

ಅರ್ಧ ಲೋಟ ನೀರು ಹಾಕಿದೆ. ತಿರುವಿದೆ. ಹಚ್ಚಿದೆ. ಹೆಸರು ಬರೆದೆ.

ಸಾಕ್ಷಿ ಮಾರನೇ ದಿನ ಪಾಸಾಯಿತು. ಅದು ಸುಳ್ಳು ಹೇಳಲಿಲ್ಲ. ಏಳು ಗಂಟೆಯ ಸತ್ಯ ಹೇಳಿತು.


ಡಿಸೆಂಬರ್ ೨೫

ನಿನ್ನೆ ಯಾದ್ವಿಗಾಳ ಮನೆಯಲ್ಲಿ ಹಬ್ಬದ ಮುನ್ನಾದಿನದ ಊಟ. ಬರುವುದಿಲ್ಲ ಅಂತ ಮೂರು ಸಲ ಹೇಳಿದ್ದೆ. "ಒಬ್ಬಳೇ ಕೂತು ಮೀನಿನ ತಲೆ ಜೊತೆ ಮಾತಾಡ್ಲಾ?" ಅಂದಳು. ಹೋದೆ.

ಮೊದಲ ನಕ್ಷತ್ರ ಕಂಡ ಮೇಲೆ ಕೂತೆವು. ಬೀಟ್‌ರೂಟ್ ಸಾರು, ಕಾರ್ಪ್ ಮೀನು, ಗಸಗಸೆ ಹಾಕಿದ ಸಿಹಿ. ಮೂರು ತಟ್ಟೆ. ಹೇಳದೆ ಬರುವ ಅತಿಥಿಗೆ ಅಂತ ಒಂದು ಖಾಲಿ ತಟ್ಟೆ ಎಲ್ಲರ ಮನೆಯಲ್ಲೂ ಇಡುತ್ತಾರೆ, ನಮ್ಮ ಅಮ್ಮನೂ ಇಡುತ್ತಿದ್ದಳು. ಅವಳು ಇಟ್ಟದ್ದು ಕ್ಲೆಮೆನ್ಸನ ಕುರ್ಚಿಯ ಮುಂದೆ. ನನ್ನ ಕಣ್ಣಿಗೆ ಬೆಲ್ಟು ಕಟ್ಟಿದ ಚೀಲವೇ ಅಲ್ಲಿ ಕೂತಂತಿತ್ತು.

ಊಟಕ್ಕೆ ಮುಂಚೆ ಹಬ್ಬದ ಬಿಲ್ಲೆ ತಂದಳು — ಕಾಗದದಷ್ಟು ತೆಳು ಬಿಳಿ ರೊಟ್ಟಿ. ಒಬ್ಬರ ಕೈಯಿಂದ ಒಬ್ಬರು ಮುರಿದು ತಿಂದರೆ ಆ ವರ್ಷದ ತಪ್ಪೆಲ್ಲ ಅಲ್ಲಿಗೆ ತೀರಿತು. ಅವಳು ಅರ್ಧ ಮುರಿದು ನನ್ನ ಕಡೆ ಚಾಚಿದಳು.

"ತೆಕ್ಲಾ, ಈ ವರ್ಷ ನೀನಿಲ್ದಿದ್ರೆ ನಾನು ಬಾವಿಗೆ ಬೀಳ್ತಿದ್ದೆ. ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಹೊಟ್ಟೇಲಿ ಹಾಕ್ಕೊ."

ಅವಳಿಂದ ತಪ್ಪು.

ಕೈ ಎತ್ತಲಾಗಲಿಲ್ಲ. ಆಗ ಬಾಗಿಲಲ್ಲಿ ಎರಡು ಸಲ ಬಡಿದ ಸದ್ದು. ಇಬ್ಬರೂ ತಲೆ ಎತ್ತಿದೆವು. ಅವಳು ಹೋಗಿ ತೆರೆದಳು. ಯಾರೂ ಇರಲಿಲ್ಲ. "ಮಾಡಿನಿಂದ ಹಿಮ ಬಿತ್ತು" ಅಂತ ವಾಪಸು ಬಂದಳು. ಮುಖ ಬಿಳಿಚಿತ್ತು.

"ಹೊಟ್ಟೆ ಸರಿ ಇಲ್ಲ" ಅಂತ ಎದ್ದೆ. ಕ್ರಿಸ್‌ಮಸ್ ರೊಟ್ಟಿಗೆ ಹೊಟ್ಟೆನೋವಿನ ನೆಪ ಹೇಳಿದವಳು ಇಡೀ ಪೋಲೆಂಡಿನಲ್ಲಿ ನಾನೊಬ್ಬಳೇ ಇರಬೇಕು. ಬಾಗಿಲು ಹಾಕುವಾಗ ನೋಡಿದೆ, ಅವಳು ಆ ಅರ್ಧ ಚೂರನ್ನು ಹಿಡಿದುಕೊಂಡೇ ನಿಂತಿದ್ದಳು.


೧೯೫೫ ಜನವರಿ ೮, ಶನಿವಾರ

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದೂ ಆಗಲಿಲ್ಲ. ಸಂಜೆ ಸಂಜೆ ಟಕ್ ಟಕ್.

ಇವತ್ತು ತೂಕ ಹಾಕಿದರು. ದಪ್ಪ ತೊಲೆಯಿಂದ ಎರಡು ರೆಕ್ಕೆಗೂ ಸೇರಿ ನಲವತ್ತೊಂದು ಕಿಲೋ ಜಾಸ್ತಿ. ಹೊಸ ಪೈಲಟ್ ಆದೆಲಾ ಬಂದಿದ್ದಳು. ಸಣ್ಣ ಆಳು, ದೊಡ್ಡ ಬಾಯಿ. ರೆಕ್ಕೆಯ ತುದಿ ಎತ್ತಿ ನೋಡಿ, "ಇದು ಗ್ಲೈಡರ್ರಾ, ಗಬ್ಬದ ಹಸುನಾ?" ಅಂದಳು.

ರೊಗಲಾ ನಗಲಿಲ್ಲ. "ಅಷ್ಟು ತೂಕಾನ ಬಾಲದಿಂದ ತೆಗೀತೀನಿ. ಬಾಲದ ಪಕ್ಕೆಲುಬು ಅರ್ಧ ಮಾಡಿ, ಪ್ಲೈವುಡ್ ಒಂದು ಮಿಲಿಮೀಟರ್‌ಗೆ ಇಳಿಸ್ತೀನಿ."

"ತಡೆಯುತ್ತಾ ಸಾರ್?" ಅಲೊಯ್ಸಿ ಮೇಸ್ತ್ರಿ ಕೇಳಿದ.

"ತಡೀಬೇಕು. ಆದ್ರೆ ನನ್ನ ಲೆಕ್ಕಾನ ನಾನೇ ನಂಬ್ತಿಲ್ಲ, ನೀನ್ಯಾಕೆ ನಂಬ್ತೀಯ."

ಆದೆಲಾ ನನ್ನ ಕೋಣೆಗೆ ಬಂದು ಒಲೆಯಲ್ಲಿ ಬೂಟು ಕಾಯಿಸಿದಳು. "ತೆಕ್ಲಕ್ಕಾ, ಆ ಇಂಜಿನಿಯರ್ ಭಯ ಬಿದ್ದು ಡಿಸೈನ್ ಮಾಡ್ತಿದಾರೆ. ಭಯ ಬಿದ್ದೋರು ಮಾಡಿದ್ದನ್ನ ಹಾರಿಸೋಕೆ ನನಗೆ ಭಯ" ಅಂದಳು. ಎದ್ದು ಹೋಗುವಾಗ ಬಾಲದ ಬಣ್ಣ ಹಚ್ಚದ ಪಕ್ಕೆಲುಬಿನ ಮೇಲೆ ಮೂರು ಸಲ ಬಡಿದಳು. ಯಾರು ಹೇಳಿಕೊಟ್ಟರೋ.

ನನ್ನ ಅರ್ಧ ಲೋಟ ನೀರು ಈಗ ಬಾಲಕ್ಕೂ ಹರಿಯುತ್ತಿದೆ. ನಾನು ಸುಮ್ಮನಿದ್ದರೆ ಇವಳೂ ಹೋಗುತ್ತಾಳೆ.


ಜನವರಿ ೧೦, ಸೋಮವಾರ

ಹೇಳಿದೆ.

ಹಲಗೆಯನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ರೊಗಲಾ ಅವರ ಕೋಣೆಗೆ ಹೋದೆ. ನಕ್ಷೆಯ ಮೇಲೆ ಬಾಲಕ್ಕೆ ಅಡ್ಡಗೆರೆ ಎಳೆಯುತ್ತಿದ್ದರು. ಮುಂದಿಟ್ಟೆ.

"ಏನಿದು?"

"ಮೊದಲನೆಯದರ ಎಡರೆಕ್ಕೆ. ಅಂಟು ಗಡುಸಾಗಿತ್ತು. ನೀರು ಹಾಕ್ದೆ. ಸಾಕ್ಷಿ ಮೊದಲೇ ಅಂಟಿಸಿಟ್ಟಿದ್ದೆ."

ಭೂತಗನ್ನಡಿ ತೆಗೆದು ಅಂಟಿನ ಗೆರೆ ನೋಡಿದರು. ಬಹಳ ಹೊತ್ತು. ಬೆರಳು ಆಡಿಸಿದರು. ನನ್ನ ಹೆಸರಿನ ಮೇಲೂ ಆಡಿಸಿದರು.

"ಹಾಗಾದ್ರೆ ನನ್ನ ಲೆಕ್ಕ ಸರಿ ಇತ್ತು" ಅಂದರು. ಮುಖ ಬೆಳಗಿತು. ಏಳು ತಿಂಗಳಲ್ಲಿ ಮೊದಲ ಸಲ ಅವರ ಹಲ್ಲು ನೋಡಿದೆ. ಮರುಕ್ಷಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ಆ ಮನುಷ್ಯ ಸತ್ತಿದಾನೆ. ನಾನು ಖುಷಿ ಪಟ್ಟೆ. ನೋಡಿದ್ರಾ, ಖುಷಿ ಪಟ್ಟೆ."

ನಾನು ನಿಂತೇ ಇದ್ದೆ. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ.

"ಬರೆದುಕೊಡಿ" ಅಂದರು ಕೊನೆಗೆ. "ಡ್ರಾಯರಿನಲ್ಲಿ ಇಟ್ಟಿರ್ತೀನಿ. ಈಗ್ಲೇ ವಾರ್ಸಾಗೆ ಕಳಿಸಿದ್ರೆ ಬೇಕಂತ ಹಾಳು ಮಾಡಿದ್ರು ಅಂತ ನಿಮ್ಮ ಕೋಣೆಯವರನ್ನೆಲ್ಲ ಎತ್ಕೊಂಡು ಹೋಗ್ತಾರೆ, ಇದು ಹಾರೋದೇ ಇಲ್ಲ. ಇದು ಹಾರಿ ಇಳಿದ ಮಾರನೇ ಕೆಲಸದ ದಿನ ಕಳಿಸ್ತೀನಿ. ಮುಚ್ಚಿಡಲ್ಲ."

"ಮುಚ್ಚಿಡಿ ಅಂತ ನಾನು ಕೇಳ್ಲಿಲ್ಲ."

"ಗೊತ್ತು. ಆದ್ರೆ ಒಂದು ಸಲ ತೂಕ ಹೇರಿ ನೋಡ್ಬೇಕು. ನಿಮ್ಮ ಮಾತು ನಿಜಾನಾ, ನನ್ನ ಲೆಕ್ಕ ನಿಜಾನಾ ಅಂತ. ಎರಡೂ ನಿಜ ಆದ್ರೆ ಮಾತ್ರ ತೊಲೆ ತೆಳು ಮಾಡ್ತೀನಿ."


ಫೆಬ್ರವರಿ ೧೬, ಬುಧವಾರ

ಮೊದಲನೆಯದಕ್ಕೆ ಅಂತ ಮಾಡಿಟ್ಟಿದ್ದ ಹೆಚ್ಚುವರಿ ಎಡರೆಕ್ಕೆಯ ಹಂದರ ಒಂದಿತ್ತು. ಹಳೆಯ, ತೆಳು ತೊಲೆ. ಅದಕ್ಕೆ ನಾನೇ ಹೊಸ ಅಂಟಿನಲ್ಲಿ ಹೊದಿಕೆ ಹಾಕಿದೆ. ಸಮಿತಿಗೆ ರೊಗಲಾ ಬರೆದದ್ದು — "ಹಳೆಯ ತೊಲೆ ಎಷ್ಟು ದುರ್ಬಲ ಅಂತ ದಾಖಲಿಸಲು." ತಕ್ಷಣ ಅನುಮತಿ ಬಂತು.

ರೆಕ್ಕೆಯನ್ನು ಮಗುಚಿ ಗೋಡೆಯ ಚೌಕಟ್ಟಿಗೆ ಬಿಗಿದು, ಮೇಲೆ ಮರಳು ಚೀಲ ಹೇರುವುದು. ಗಾಳಿ ಎತ್ತುವಷ್ಟು ತೂಕ, ಅದರ ಒಂದೂವರೆ ಪಟ್ಟು, ಇನ್ನೂ ಮೇಲೆ. ಎಲ್ಲರೂ ಬಂದಿದ್ದರು. ಯಾದ್ವಿಗಾಳೂ, ಸೂಜಿ ಚುಚ್ಚಿದ ಮಣಿಕಟ್ಟಿನ ಪಟ್ಟಿಯೊಂದಿಗೆ.

ಇಲ್ಲಿ ನಿಜ ಬರೆಯುತ್ತೇನೆ. ಪ್ರತಿ ಚೀಲ ಇಟ್ಟಾಗಲೂ ಮುರಿ, ಮುರಿ ಅಂತ ಬೇಡಿಕೊಂಡೆ. ಈಗಲೇ ಮುರಿದರೆ ತೊಲೆಯದೇ ತಪ್ಪು. ನನ್ನ ನೀರು ಬರೀ ನೀರು. ಕ್ಲೆಮೆನ್ಸ್ ಹೇಗಿದ್ದರೂ ಹೋಗುತ್ತಿದ್ದ, ಆದೆಲಾ ಹಸುವನ್ನು ಹಾರಿಸಲಿ, ರೊಗಲಾ ಕೊರಗಲಿ. ಅಷ್ಟು ಕೆಟ್ಟವಳು ನಾನು ಅಂತ ಇವತ್ತು ಗೊತ್ತಾಯಿತು.

ರೆಕ್ಕೆ ಬಾಗಿತು. ನರಳಿತು. ಒಂದೂವರೆ ಪಟ್ಟು ಆಯಿತು. ಮುರಿಯಲಿಲ್ಲ. ಅಲೊಯ್ಸಿ ಮೇಸ್ತ್ರಿ ಸುತ್ತ ನೋಡಿ, "ಇನ್ನೊಂದು ಇದೆ" ಅಂತ ಮೂಲೆಯಿಂದ ಒಂದು ಚೀಲ ಎಳೆದು ತಂದ. ಕ್ಯಾನ್ವಾಸಿನ ಮೇಲೆ ಅಡ್ಡ ಎರಡು ಗುರುತು, ಬೆಲ್ಟು ಉಜ್ಜಿದ್ದು.

ಇಬ್ಬರು ಹಿಡಿದು ಮೇಲಿಟ್ಟರು. ನಾನು ಎಣಿಸಿದೆ. ಅರವತ್ತರವರೆಗೆ. ನೂರರವರೆಗೆ. ರೆಕ್ಕೆ ಹಾಗೆಯೇ ನಿಂತಿತ್ತು.

ಆದೆಲಾ ಚಪ್ಪಾಳೆ ತಟ್ಟಿದಳು. ಬಡಗಿಗಳು ರೊಗಲಾ ಅವರ ಬೆನ್ನು ತಟ್ಟಿದರು. ಅಲೊಯ್ಸಿ ಮಾತ್ರ ತಟ್ಟಲಿಲ್ಲ. ತೊಲೆ ಸರಿ ಇದ್ದರೆ ತಪ್ಪಿದ್ದು ಏನು ಅಂತ ಅವನ ತಲೆಯಲ್ಲಿ ಓಡುತ್ತಿತ್ತು. ಹೊದಿಕೆ ನೋಡಿದ. ನನ್ನನ್ನು ನೋಡಿದ. ನಾನು ತಲೆ ತಗ್ಗಿಸಲಿಲ್ಲ. ಅವನೇ ತಗ್ಗಿಸಿದ — ಮೂವತ್ತು ವರ್ಷದಿಂದ ಮೊದಲ ಕುಂಚದ ಸಾಕ್ಷಿಯನ್ನು ಮುರಿಯುತ್ತ ಬಂದವನು ಅವನೂ ತಾನೆ.


ಫೆಬ್ರವರಿ ೨೦, ಭಾನುವಾರ

ಬೇರೆಯವರ ಬಾಯಿಂದ ಕೇಳಬಾರದು ಅಂತ ಇವತ್ತು ಯಾದ್ವಿಗಾಳ ಮನೆಗೆ ಹೋದೆ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅಂಟು, ನೀರು, ಸಾಕ್ಷಿ. ಸ್ಟೂಲು. ನಗು.

ಚಾಕು ನಿಲ್ಲಲಿಲ್ಲ. ಸಿಪ್ಪೆ ಉದ್ದವಾಗಿ ಇಳಿಯುತ್ತಲೇ ಇತ್ತು.

"ಯಾವ ಜೋಕು ಹೇಳ್ದ?"

"ಯಾದ್ವಿಗಾ..."

"ಒಂದೂಮುಕ್ಕಾಲು ಗಂಟೆ ಕೂತಿದ್ನಲ್ಲ. ಯಾವ ಜೋಕು? ಹೇಳು."

ಹೇಳಿದೆ. ಎಲೆಕೋಸಿಗೆ ಅಂತ ಆಡೊಂದು ಅಂಗಡಿ ಮುಂದೆ ಕ್ಯೂ ನಿಂತಿತ್ತು. ಅದರ ಸರದಿ ಬಂದಾಗ ಅಂಗಡಿಯಲ್ಲಿ ಉಳಿದದ್ದು ದೂರಿನ ಪುಸ್ತಕ ಒಂದೇ. ಅದನ್ನೇ ತಿಂದು ಹೋಯಿತು.

ಅವಳ ಬಾಯಿ ಸ್ವಲ್ಪ ಓರೆಯಾಯಿತು. ನಗು ಬಂತೋ ಏನೋ.

"ಇದನ್ನ ನನಗೆ ಹೇಳಿರ್ಲಿಲ್ಲ" ಅಂದಳು.

ಆಮೇಲೆ ಚಾಕು ಕೆಳಗಿಟ್ಟಳು. ಕೈ ಒರೆಸಿಕೊಂಡು ಕಪಾಟು ತೆಗೆದು ಕರವಸ್ತ್ರದ ಗಂಟೊಂದು ತಂದಳು. ಒಳಗೆ ಆ ಅರ್ಧ ರೊಟ್ಟಿ. ಎರಡು ತಿಂಗಳಿನದು, ಅಂಚು ಉದುರಿತ್ತು.

"ಅವತ್ತೇ ಅನ್ಕೊಂಡೆ, ಇವಳ ಹೊಟ್ಟೇಲಿ ನೋವಲ್ಲ, ಬೇರೇನೋ ಇದೆ ಅಂತ. ನೀನು ಅವನನ್ನ ಇಷ್ಟಪಟ್ಟಿದ್ದೆ ಅನ್ಕೊಂಡಿದ್ದೆ. ಅಷ್ಟಾಗಿದ್ರೆ ಬಿಟ್ಬಿಡ್ತಿದ್ದೆ, ಅವನನ್ನ ಇಷ್ಟಪಡ್ದೋರು ಯಾರಿದ್ರು?" ಗಂಟು ಮತ್ತೆ ಕಟ್ಟಿದಳು. "ಮೊದಲ ಹಾರಾಟಕ್ಕೆ ಹಿಂದಿನ ಸೀಟಲ್ಲಿ ಮರಳು ಇಡ್ತಾರಲ್ಲ. ಈ ಸಲ ಮರಳು ಬೇಡ. ನೀನು ಕೂತ್ಕೊ. ನಿನ್ನ ಅಂಟಿನ ಮೇಲೆ ನೀನೇ ಕೂತ್ಕೊಂಡು ಹೋಗು."

"ಆಯ್ತು."

"ಇಳಿದು ಬಾ. ಆಮೇಲೆ ಇದನ್ನ ಮುರಿಯೋದಾ ಬೇಡ್ವಾ ನೋಡೋಣ."

ಕ್ಷಮಿಸಿದಳೋ ಶಿಕ್ಷೆ ಕೊಟ್ಟಳೋ ತಿಳಿಯಲಿಲ್ಲ. ದಾರಿಯಲ್ಲಿ ಅತ್ತೆ. ಹೆದರಿಕೆಗೆ ಅತ್ತೆ, ಸುಳ್ಳು ಯಾಕೆ.


ಮಾರ್ಚ್ ೧೧, ಶುಕ್ರವಾರ

ಎಡರೆಕ್ಕೆ ಮುಚ್ಚಿದೆ. ತೊಲೆ ತೆಳುವಾದದ್ದು, ಬಾಲ ಮೊದಲಿನಂತೆ. ಮೂರು ಸಲ ಹೊಸ ಬೋಗುಣಿ ಕಲಸಿದೆ. ಎರಡು ಸಲ ಅರ್ಧ ಅಂಟು ಚೆಲ್ಲಿದೆ, ಕಾರಣ ಬರೆದುಕೊಟ್ಟೆ: "ಹೊತ್ತಾಗಿತ್ತು." ಇಷ್ಟೇ ಬರೆಯುವುದಕ್ಕೆ ಒಂದು ವರ್ಷ, ಒಂದು ಜೀವ.

ಕೊನೆಯ ಕುಂಚದಲ್ಲಿ ಸಾಕ್ಷಿ ಅಂಟಿಸಿದೆ. ಕೋಣೆಯ ಮೂವರು ಹೆಂಗಸರೂ ಈಗ ಹಾಗೆಯೇ ಮಾಡುತ್ತಾರೆ. ಅಲೊಯ್ಸಿ ಮೇಸ್ತ್ರಿ ಬಾಗಿಲಲ್ಲಿ ನಿಂತು ನೋಡುತ್ತಾನೆ, ಮೊದಲ ಕುಂಚದ್ದು ತಂದರೆ ಮುಟ್ಟುವುದಿಲ್ಲ. ಯಾಕೆ ಅಂತ ಯಾರೂ ಕೇಳಿಲ್ಲ. ಎಲ್ಲರಿಗೂ ಗೊತ್ತು ಅನ್ನಿಸುತ್ತದೆ. ಊಟಕ್ಕೆ ನನ್ನ ಬೆಂಚಿನಲ್ಲಿ ಈಗ ನಾನೊಬ್ಬಳೇ.

ಮುಚ್ಚುವ ಮುಂಚೆ ಒಳಗೆ ಹೆಸರು ಬರೆದೆ. ನನ್ನದು. ಅದರ ಕೆಳಗೆ ಕ್ಲೆಮೆನ್ಸನದು. ಬರೆಯಬಾರದಿತ್ತೇನೋ. ಅವನ ಪಾಲಿನ ಒಂದು ಬಡಿತ ಬಾಕಿ ಇತ್ತಲ್ಲ, ಬಣ್ಣ ಹಚ್ಚುವ ಮುಂಚೆ ಬಂದು ಬಡಿದು ಹೋಗಲಿ ಅಂತ.


ಮಾರ್ಚ್ ೧೨

ಸಾಕ್ಷಿ ಮುರಿದರು. ಮರ ಸೀಳಿತು.


ಏಪ್ರಿಲ್ ೨೩, ಶನಿವಾರ.

ಬೆಳಿಗ್ಗೆ ೯.೧೫. ಗುಡ್ಡದ ಕೆಳಗಿನ ಮೈದಾನ. ಗಾಳಿ ಪಶ್ಚಿಮದಿಂದ. ಗ್ಲೈಡರನ್ನು ಹಗ್ಗದಿಂದ ಎಳೆದು ಹಾರಿಸುವ ವಿಂಚಿನ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ, ಇಬ್ಬರು ಅದರ ಹೊಟ್ಟೆಯೊಳಗೆ ತಲೆ ಹಾಕಿದ್ದಾರೆ. ನಾನು ಆಗಲೇ ಹಿಂದಿನ ಸೀಟಿನಲ್ಲಿ. ಬೆಲ್ಟು ಕಟ್ಟಿದ್ದು ರೊಗಲಾ. ಎರಡು ಸಲ ಎಳೆದು ನೋಡಿದರು. "ನೀವು ಬರೆದುಕೊಟ್ಟಿದ್ದನ್ನ ಸೋಮವಾರ ಕಳಿಸ್ತೀನಿ" ಅಂದರು ಮೆಲ್ಲಗೆ. "ಕಳಿಸಿ" ಅಂದೆ. ಸೋಮವಾರ ಅನ್ನುವುದು ಬಹಳ ದೂರದ ಊರಿನ ಹೆಸರಿನಂತೆ ಕೇಳಿಸಿತು.

ನಾನು ಅರವತ್ತಾರು ಕಿಲೋ. ಉಳಿದ ಹದಿನಾಲ್ಕಕ್ಕೆ ಕಾಲ ಬಳಿ ಸಣ್ಣ ಚೀಲ. "ತಿಂದಿದ್ರೆ ಇದು ಬೇಕಾಗ್ತಿರ್ಲಿಲ್ಲ ಅಕ್ಕಾ" ಅಂತ ಆದೆಲಾ.

ಯಾದ್ವಿಗಾ ಬಂದಿದ್ದಾಳೆ. ಬೇಲಿಯ ಹತ್ತಿರ ನಿಂತಿದ್ದಾಳೆ. ಕೈಯಲ್ಲಿ ಕರವಸ್ತ್ರ. ಹತ್ತಿರ ಬರಲಿಲ್ಲ. ಕರೆಯಲಿಲ್ಲ ನಾನೂ.

೯.೪೦. ಎಂಜಿನ್ ಹೊತ್ತಿತು. ಆದೆಲಾ ಮುಂದಿನ ಸೀಟಿಗೆ ಹತ್ತಿದಳು. ಸುತ್ತ ನೋಡಿದಳು. "ಅಕ್ಕಾ, ಬಡಿಯೋಕೆ ಒಂದು ಚೂರು ಮರ ಇಲ್ವಲ್ಲ. ಎಲ್ಲಾ ಕೆನೆ ಬಣ್ಣ ಬಳಿದುಬಿಟ್ಟಿದಾರೆ."

ನಿಜ. ರೆಕ್ಕೆ, ಮೂಗು, ಅಂಚು — ಹೊಳೆಯುತ್ತಿದೆ. ಎಲ್ಲ ಮುಚ್ಚಿಹೋಗಿದೆ. ಎಡರೆಕ್ಕೆಯನ್ನು ಇಲ್ಲಿಂದ ನೋಡಬಹುದು. ಚೆಂದ ಇದೆ. ಏನು ಮಾಡಿದರೂ ಚೆಂದ ಇದೆ ಅನ್ನದೆ ಇರಲಾಗುವುದಿಲ್ಲ.

ಒಂದು ತಿಂಗಳಿಂದ ಸದ್ದು ಕೇಳಿರಲಿಲ್ಲ. ಈಗ ಬಿಸಿಲು ತಾಗಿ ಎಡಗಡೆಯಿಂದ ಟಕ್. ಟಕ್. ಆದೆಲಾ ತಿರುಗಿ ನೋಡಿದಳು. "ಮರ" ಅಂದೆ. "ಬಿಸಿಲಿಗೆ."

ವಿಂಚಿನವನು ಕೈ ಎತ್ತಿದ. ಯಾದ್ವಿಗಾ ಬೇಲಿ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದಿದ್ದಾಳೆ.

ನನ್ನ ಮೊಣಕಾಲಿನ ಪಕ್ಕ, ಸೀಟಿನ ಕೆಳಗೆ, ಚೌಕಟ್ಟಿನ ಒಳಬದಿ. ಅಂಗೈ ಅಗಲ. ಕುಂಚ ತಲುಪಿಲ್ಲ. ಪೈನ್ ಮರ, ನನ್ನದೇ ಅಂಟಿನ ಕಲೆ. ಆದೆಲಾಗೆ ಹೇಳಿದೆ — ಸಿಕ್ಕಿತು, ನಾನು ಬಡೀತೀನಿ, ಕ್ಲೆಮೆನ್ಸನೂ ಸೇರಿ ಮೂವರ ಹೆಸರಲ್ಲೂ. "ಬೇಗ ಅಕ್ಕಾ" ಅಂದಳು. ಹಗ್ಗ ಬಿಗಿಯುತ್ತಿದೆ. ಹುಲ್ಲು ಸರಿಯತೊಡಗಿತು.

ಒಂದು. ಎರಡು. ಮೂರನೆಯದಕ್ಕೆ ಈ ಪೆನ್ಸಿಲು ಕೆಳಗಿಟ್ಟು—